ಹಿಮಾಲಯ ನುಂಗಿದ ಸೀರೆ

ಮಗಳ ಮದುವೆಯ ವಿಡಿಯೋದಲ್ಲಿ ನಾವು ಗಂಡಹೆಂಡಿರು ಹಿಮಾಲಯದಿಂದ ಆಶೀರ್ವಾದ ಮಾಡಬೇಕೆಂಬ ದಿವ್ಯ ಯೋಚನೆ ನನ್ನದೇ. ಅದನ್ನು ಬೇರೆಯವರ ತಲೆಗೆ ಕಟ್ಟುವಂತಿಲ್ಲ. (ಕಟ್ಟಲು ನೋಡಿ ಸೋತಿದ್ದೇನೆ.)

ತೊಂಬತ್ತೈದನೇ ಇಸವಿ. ನಾನು, ಅಂದರೆ ಕೋದಂಡಪ್ಪ, ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿಯ ಹಾಲಿನ ಡೈರಿಗೆ ಕಾರ್ಯದರ್ಶಿ. ವಿಡಿಯೋ ತೆಗೆಯಲು ಚಿನ್ನದ ಗಣಿಯ ಕೋರಮಂಡಲ್‌ನಿಂದ ಪೆರುಮಾಳ್ ಬಂದಿದ್ದ. ಅವನ ಸ್ಟುಡಿಯೋಗೆ ಹೊಸದಾಗಿ ಮಿಕ್ಸಿಂಗ್ ಮಿಶನ್ ಬಂದಿತ್ತಂತೆ. ನೀಲಿ ಬಟ್ಟೆಯ ಮುಂದೆ ನಿಲ್ಲಿಸಿ ಚಿತ್ರ ತೆಗೆದರೆ, ಆ ಮಿಶನ್ನು ನೀಲಿಯನ್ನಷ್ಟೇ ಅಳಿಸಿ ಅಷ್ಟು ಜಾಗವನ್ನು ಕಿಟಕಿ ಗಾಜಿನಂತೆ ಮಾಡಿಬಿಡುತ್ತದೆ. ಹಿಂದೆ ಏನು ಇಟ್ಟರೆ ಅದು ಕಾಣುತ್ತದೆ. ನಾನು ಹಿಮಾಲಯ ಇಡಿಸಿದೆ.

ಧಾರೆ ಮುಗಿದ ಮೇಲೆ ಪೆರುಮಾಳ್ ಚಪ್ಪರದ ಹಿಂದೆ ನೀಲಿ ಬಟ್ಟೆ ಕಟ್ಟಿ ನಮ್ಮನ್ನು ಕರೆದ. ನನ್ನ ಹೆಂಡತಿ ವೆಂಕಟರತ್ನಮ್ಮನನ್ನು ನೋಡಿದವನೇ ತಲೆ ಕೆರೆದುಕೊಂಡ.

"ಸಾರ್, ಅಮ್ಮಂದು ಸೀರೆ ನೀಲಿ. ಬೇರೆ ಉಟ್ಕೊಂಡು ಬರ್ಲಿ ಸಾರ್."

ಆ ರೇಷ್ಮೆ ಸೀರೆ ನಾನೇ ಆರಿಸಿ ತಂದದ್ದು, ಬೀಗರ ಕಣ್ಣು ಕುಕ್ಕಲೆಂದೇ. "ಸೀರೆ ಕಾಣಲೇಬೇಕು. ನಿನ್ನ ಮಿಶನ್‌ಗೆ ಏಳು," ಎಂದೆ.

"ಮಿಶನ್ ಮಾತು ಕೇಳಲ್ಲ ಸಾರ್."

"ಬದಲಾಯಿಸ್ಕೊಂಡು ಬತ್ತೀನಿ ಬಿಡಿ, ಅವ್ನು ಏಳ್ತಾವ್ನಲ್ಲ," ಎಂದಳು ಹೆಂಡತಿ.

"ನೀನು ಸುಮ್ಕಿರು," ಎಂದೆ. ಸುಮ್ಮನಾದಳು. ನಮ್ಮ ಮದುವೆಯಾದ ಇಪ್ಪತ್ತೈದು ವರ್ಷದಲ್ಲಿ ಅವಳು ನನ್ನ ಮಾತು ಕೇಳಿದ್ದು ಅದೊಂದೇ ಸಲ.

ಕ್ಯಾಸೆಟ್ ಕೊಡುವಾಗಲೂ ಪೆರುಮಾಳ್, "ಒಂದ್ಸಲ ನೋಡ್ಬಿಡಿ ಸಾರ್," ಅಂದ. ಬೀಗರ ಜೊತೆಯಲ್ಲೇ ನೋಡುವ ಆಸೆ ನನಗೆ. ಭಾನುವಾರ ಮಧ್ಯಾಹ್ನ ನಂದಿದುರ್ಗ ಗಣಿಯ ಕಾರ್ಮಿಕರ ಲೈನಿನಲ್ಲಿದ್ದ ಬೀಗರ ಮನೆಗೆ ಹೋದೆವು. ಅಕ್ಕಪಕ್ಕದ ಮನೆಯವರೆಲ್ಲ ಬಂದು ಕೂತಿದ್ದರು.

ಅಳಿಯ ತಾಳಿ ಕಟ್ಟಿದ. ಓಲಗ ಮೊಳಗಿತು. ಪರದೆಯ ಮೇಲೆ ಮೋಡ ಸರಿದು ಹಿಮಾಲಯ ಎದ್ದಿತು. ಪಂಚೆ ಶಲ್ಯದಲ್ಲಿ ನಾನು ಪ್ರತ್ಯಕ್ಷನಾದೆ. ಪಕ್ಕದಲ್ಲಿ ನನ್ನ ಹೆಂಡತಿಯ ತಲೆ ಪ್ರತ್ಯಕ್ಷವಾಯಿತು.

ತಲೆ ಮಾತ್ರ. ಕೊರಳಿನಿಂದ ಕೆಳಗೆ ಒಂದು ಜಲಪಾತ ಧುಮುಕುತ್ತಿತ್ತು. ಕಾಸಿನ ಸರ ಯಾವ ಆಧಾರವೂ ಇಲ್ಲದೆ ಗಾಳಿಯಲ್ಲಿ ನೇತಾಡುತ್ತಿತ್ತು. ಯಾರದೋ ಎರಡು ಕೈಗಳು ಶೂನ್ಯದಿಂದ ಬಂದು ಅಕ್ಷತೆ ಹಾಕಿ ಹೋದವು.

ಹೆಂಡತಿ ಮೆಲ್ಲನೆ ತನ್ನ ಹೊಟ್ಟೆ ಮುಟ್ಟಿ ನೋಡಿಕೊಂಡಳು. ಯಾರೋ ಕಾಫಿ ಲೋಟ ಕೆಳಗೆ ಬಿಟ್ಟರು. ಬೀಗಿತ್ತಿ ಮುನಿನಾರಾಯಣಮ್ಮ ಎದ್ದು ಟೀವಿ ಆರಿಸಿದರು. ಅವರ ಮುಖ ಸುಣ್ಣದ ಗೋಡೆಯಾಗಿತ್ತು.

"ತಾಳಿ ಕಟ್ಟೋ ಗಳಿಗೇಲಿ ಎತ್ತ ತಾಯಿಗೆ ಒಡಲೇ ಇಲ್ಲ. ಇದು ಒಳ್ಳೇದಲ್ಲ ಅಣ್ಣಯ್ಯ. ಸರಿ ಮಾಡ್ಕೊಂಡು ಬನ್ನಿ. ಅಲ್ಲೀಗಂಟ ಉಡುಗೀನ ಆಸಾಡಕ್ಕೂ ತವರಿಗೆ ಕಳ್ಸಲ್ಲ."

ಅದು ಮಿಶನ್ನಿನ ಕೆಲಸವೆಂದು ಎಷ್ಟು ಹೇಳಿದರೂ ಅವರು ಜಗ್ಗಲಿಲ್ಲ. ಬಾಗಿಲ ಹಿಂದೆ ಮಗಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅದನ್ನು ಕಂಡಾಗ ಮಾತ್ರ ನನ್ನ ಎದೆ ನಿಜವಾಗಿಯೂ ಕುಸಿಯಿತು.

ರೈಲಿನಲ್ಲಿ ಹೆಂಡತಿ ಕಿಟಕಿ ಪಕ್ಕ ಕೂತಳು. ಬಂಗಾರಪೇಟೆ ಹತ್ತಿರವಾದಾಗ, "ಇಪ್ಪತ್ತೈದು ವರ್ಸ ನಿಮ್ಮನೇಲಿ ಗೇದು ಗೇದು ಸವೆದೋದ್ರೆ ಇಂಗೇ ಆಗೋದು," ಎಂದಳು.

ಮರುದಿನವೇ ಪೆರುಮಾಳನನ್ನು ಹಿಡಿದುಕೊಂಡು ಬಂದೆ. ಬೈದೆ. ಅವನು, "ನಾನು ಏಳಿದ್ನಲ್ಲ ಸಾರ್," ಅಂದ. ಇನ್ನಷ್ಟು ಬೈದೆ. ಹಿತ್ತಲಲ್ಲಿ ಮತ್ತೆ ನೀಲಿ ಬಟ್ಟೆ ಏರಿತು. ಈ ಸಲ ಹೆಂಡತಿ ಕುಂಕುಮ ಬಣ್ಣದ ಸೀರೆ ಉಟ್ಟಳು. ಬೀಗರ ಮುಂದೆ ಹೋದ ಮಾನ ಬೆಳ್ಳಗೆ ಮರಳಿ ಬರಲೆಂದು ನನ್ನ ಪಂಚೆ, ಅಂಗಿ, ಶಲ್ಯ ಮೂರನ್ನೂ ಅವಳೇ ಒಗೆದು ಕೊಟ್ಟಳು. ಫಳಫಳ ಹೊಳೆಯುತ್ತಿದ್ದವು.

"ನೋಡಪ್ಪಾ ಪೆರುಮಾಳ್, ಅಂಚಲ್ಲೆಲ್ಲೂ ಒಂದು ಚೂರು ನೀಲಿ ಉಳೀಬಾರ್ದು," ಎಂದು ಕಟ್ಟಪ್ಪಣೆ ಮಾಡಿದೆ.

"ಆಮಾ, ಆಯ್ತು ಸಾರ್. ನೀಲಿ ಅಳಿಸೋ ಗುಂಡಿ ಪೂರ್ತಿ ತಿರುಗಿಸ್ಬಿಡ್ತೀನಿ."

ಮುಂದಿನ ಭಾನುವಾರ ಅದೇ ಮನೆ, ಅದೇ ಜನ. ಮೋಡ ಸರಿಯಿತು. ನನ್ನ ಹೆಂಡತಿ ಅಡಿಯಿಂದ ಮುಡಿಯವರೆಗೆ ಕೆಂಪಗೆ ನಿಂತು ಸಾಕ್ಷಾತ್ ಪಾರ್ವತಿಯಂತೆ ಅಕ್ಷತೆ ಹಾಕಿದಳು. ಪಕ್ಕದಲ್ಲಿ ಒಂದು ಮೀಸೆ ತೇಲುತ್ತಿತ್ತು. ಮೀಸೆಯ ಸುತ್ತ ನನ್ನ ಮುಖ. ಮುಖದ ಕೆಳಗೆ ಶಲ್ಯದ ಜರಿ ಅಂಚು ಮಾತ್ರ, ಎರಡು ಹಾವುಗಳಂತೆ. ಉಳಿದದ್ದೆಲ್ಲ ಹಿಮ.

ಹೆಂಡತಿಯ ಕಡೆ ತಿರುಗಿದೆ.

"ಬಟ್ಟೆಗೆ ಏನು ಆಕಿದ್ದೆ?"

"ನೀಲಿ ಪುಡಿ," ಎಂದಳು ಮೆಲ್ಲಗೆ. "ಬೆಳ್ಳಗೆ ಕಾಣ್ಲಿ ಅಂತ ಮೂರು ಸಲ ಅದ್ದಿದೆ."

ನಾನು ಬೀಗಿತ್ತಿಯ ಕಡೆ ನೋಡಿದೆ. ಮುನಿನಾರಾಯಣಮ್ಮ ಕೈ ಮುಗಿದುಕೊಂಡು ಕೂತಿದ್ದರು. ಕಣ್ಣಲ್ಲಿ ನೀರಿತ್ತು.

"ಈಗ ಸರಿಯಾಯ್ತು. ತಾಯಿ ಪೂರ್ತಿ ಅವ್ಳೆ. ಉಡುಗೀನ ಕರ್ಕೊಂಡೋಗಿ."

"ಮತ್ತೆ ನಾನು?" ಎಂದೆ.

"ಗಂಡಸ್ರುದ್ದು ಎಂಗಿದ್ರೇನು ಅಣ್ಣಯ್ಯ."

ಬೀಗರು ಹೌದೆಂದು ತಲೆಯಾಡಿಸಿದರು. ನೆರೆಹೊರೆಯವರೂ ತಲೆಯಾಡಿಸಿದರು. ಮಗಳು ಆಗಲೇ ಟ್ರಂಕು ತಂದು ಬಾಗಿಲಲ್ಲಿಟ್ಟಿದ್ದಳು.

"ನಂಗೆ ಮೈಯೇ ಇಲ್ಲ ಕಣೇ," ಎಂದೆ ಹೆಂಡತಿಯ ಕಿವಿಯಲ್ಲಿ.

"ತಲೆ ಐತಲ್ಲ, ಸಾಕು," ಎಂದಳು ಅವಳು. "ಈ ಟ್ರಂಕು ಒತ್ಕೊಂಡು ನಡೀರಿ. ರೈಲಿಗೆ ಒತ್ತಾಯ್ತು."