ನೀತಿ ಪಾಠದ ಕೊನೇ ಬ್ಯಾಚು

ನೀತಿ ಹೇಳುವವನ ಮುಂದೆಯೇ ಅನೀತಿ ಬಂದು ಕುಣಿಯುತ್ತದೆ. ನನ್ನ ಸರ್ವೀಸು ಪೂರ್ತಿ ಇದನ್ನೇ ನೋಡಿಕೊಂಡು ಬಂದಿದ್ದೇನೆ. ದೊಡ್ಡಬಳ್ಳಾಪುರದ ಕಡೆಯ ಒಂದು ಬಿ.ಎಡ್. ಕಾಲೇಜಿನಲ್ಲಿ, ನಾಳೆ ಮೇಷ್ಟ್ರಾಗುವವರಿಗೆ ನೀತಿಶಾಸ್ತ್ರದ ಇತಿಹಾಸ ಕಲಿಸುವುದು ನನ್ನ ಕೆಲಸ. ಮುಂದಿನ ವರ್ಷದಿಂದ ಈ ಪೇಪರೇ ಇರುವುದಿಲ್ಲ. ಅದರ ಜಾಗಕ್ಕೆ ಸ್ಮಾರ್ಟ್ ಬೋರ್ಡ್ ತರಬೇತಿ ಬರುತ್ತದಂತೆ. ಬರಲಿ, ಬೇಡವೆನ್ನಲು ನಾನ್ಯಾರು? ಆದರೂ ಹೋಗುವುದರೊಳಗೆ ಒಬ್ಬರ ಮನಸ್ಸಿಗಾದರೂ ಇದು ಇಳಿಯಲಿ ಎಂಬ ಆಸೆ ಮಾತ್ರ ಬಿಡಲೊಲ್ಲದು.

ಪ್ರಶ್ನೆ ಕೇಳಿದವನ ಗತಿ

ಮೊದಲ ಪಾಠ ಗ್ರೀಸಿನ ಮುದುಕನದು. ಬೀದಿಯಲ್ಲಿ ಸಿಕ್ಕಸಿಕ್ಕವರನ್ನೆಲ್ಲ ನಿಲ್ಲಿಸಿ "ನ್ಯಾಯ ಅಂದರೇನು?" ಎಂದು ಕೇಳುತ್ತಿದ್ದವನು. ಕೊನೆಗೆ ಊರಿನವರೇ ಅವನಿಗೆ ವಿಷ ಕುಡಿಸಿದರು. ಅವನ ಸಾವನ್ನು ಮನಮುಟ್ಟುವಂತೆ ವರ್ಣಿಸಿದೆ. ಮುಗಿಸಿ, "ಏನಾದ್ರೂ ಕೇಳೋದಿದ್ಯಾ?" ಎಂದೆ.

ಎಲ್ಲರೂ ನೋಟ್ ಬುಕ್ಕು ಮುಚ್ಚಿ ಬ್ಯಾಗಿಗೆ ಹಾಕತೊಡಗಿದರು.

"ಯಾಕ್ರಪ್ಪಾ, ಒಂದು ಪ್ರಶ್ನೇನೂ ಇಲ್ವಾ?"

ಹಿಂದಿನ ಬೆಂಚಿನಿಂದ ಹೊಸಕೋಟೆಯ ಹುಡುಗನೊಬ್ಬ ಎದ್ದ. "ಕೇಳಿದವನ ಗತಿ ಏನಾಯ್ತು ಅಂತ ಈಗ್ತಾನೆ ನೀವೇ ಹೇಳಿದ್ರಲ್ಲ ಸಾರ್!"

ನಡುವಿನ ದಾರಿ

ಅತಿಯೂ ಬೇಡ, ಕೊರತೆಯೂ ಬೇಡ, ಸದ್ಗುಣ ಇರುವುದು ನಡುವೆ ಎಂಬುದು ಮುಂದಿನ ಪಾಠ. ಮರುದಿನದಿಂದ ಅದೇ ಹುಡುಗ ಮಧ್ಯಾಹ್ನ ಊಟದ ಹೊತ್ತಿಗೆ ಕಾಲೇಜಿಗೆ ಬರತೊಡಗಿದ. ಕರೆದು ಕೇಳಿದೆ.

"ದಿನಾ ಬೆಳಗ್ಗೇನೇ ಬರೋದು ಅತಿ ಸಾರ್. ಬರ್ದೇ ಇರೋದು ಕೊರತೆ. ಅದಕ್ಕೇ ನೀವು ಹೇಳ್ದಂಗೆ ನಡುವೆ ಬಂದ್ಬಿಡ್ತೀನಿ."

ಪಾಠ ಕೇಳಿದ ಮರುದಿನವೇ ಅದರಂತೆ ನಡೆದ ಶಿಷ್ಯ ನನಗೆ ಸಿಕ್ಕಿದ್ದು ಇವನೊಬ್ಬನೇ.

ಫಲಾಪೇಕ್ಷೆ

ಕರ್ತವ್ಯವನ್ನು ಕರ್ತವ್ಯಕ್ಕಾಗಿಯೇ ಮಾಡು ಎಂದ ಜರ್ಮನಿಯ ಪಂಡಿತನನ್ನೂ ನಮ್ಮ ನಿಷ್ಕಾಮ ಕರ್ಮವನ್ನೂ ಅಕ್ಕಪಕ್ಕ ಇಟ್ಟು ಒಂದು ದಿನ ಮೈಮರೆತು ಮಾತಾಡಿದೆ. ಎಲ್ಲರೂ ತಲೆದೂಗಿದರು. ನನಗಂತೂ ಹಿಗ್ಗೋ ಹಿಗ್ಗು. ಪಾಠ ಮುಗಿದ ಮೇಲೆ ಒಂದಿಬ್ಬರು ಹುಡುಗಿಯರು ಹತ್ತಿರ ಬಂದರು.

"ತುಂಬಾ ಚೆನ್ನಾಗಿತ್ತು ಸಾರ್. ಪರೀಕ್ಷೆಗೆ ಬರುತ್ತಾ?"

"ಇಲ್ಲಮ್ಮ, ಈ ಸಲ ಬರಲ್ಲ."

"ಅಯ್ಯೋ, ಮೊದ್ಲೇ ಹೇಳ್ಬಾರ್ದಿತ್ತಾ? ಸುಮ್ನೆ ಮನಸ್ಸಿಟ್ಟು ಕೇಳ್ಬಿಟ್ವಿ!"

ಸತ್ಯದ ಪಾಠ

ಹೀಗಾಗಿ ನನ್ನ ಆಸೆಯೆಲ್ಲ ಮುಂದಿನ ಬೆಂಚಿನ ತ್ಯಾಮಗೊಂಡ್ಲು ಹುಡುಗಿಯ ಮೇಲೆ ಕೂತಿತ್ತು. "ನಿಜ ಹೇಳಿದ್ರೆ ನಮಗೇ ನಷ್ಟ ಅಂತ ಗೊತ್ತಿದ್ರೂ ಹೇಳ್ಬೇಕಾ ಸಾರ್?" ಎಂದು ಕೇಳಿದವಳು ಇಡೀ ಬ್ಯಾಚಿಗೆ ಅವಳೊಬ್ಬಳೇ. ಇವಳಿಗೆ ಇಳಿದಿದೆ, ಇನ್ನು ಪೇಪರು ಹೋದರೆ ಹೋಗಲಿ ಅಂದುಕೊಂಡೆ.

ಪರೀಕ್ಷೆಯ ದಿನ ಅವಳು ಹತ್ತಿರದ ಹಳ್ಳಿ ಶಾಲೆಯಲ್ಲಿ ಆರನೇ ಕ್ಲಾಸಿಗೆ ಪಾಠ ಮಾಡಬೇಕಿತ್ತು. ಹೊರಗಿನಿಂದ ಬಂದ ಪರೀಕ್ಷಕರು ಹಿಂದಿನ ಸಾಲಿನಲ್ಲಿ ಕೂತರು, ಪಕ್ಕದಲ್ಲಿ ನಾನು. ಬೋರ್ಡಿನ ಮೇಲೆ 'ಸತ್ಯವನ್ನೇ ನುಡಿ' ಎಂದು ಬರೆದಳು. ಅವಳು ಪ್ರಶ್ನೆ ಕೇಳಿದ್ದೇ ತಡ, ಮಕ್ಕಳ ಉತ್ತರ ಪಟಪಟನೆ ಬಂತು. ಪರೀಕ್ಷಕರ ಮುಖ ಅರಳಿತು. ನಾನೂ ಮೀಸೆ ತಿರುವಿಕೊಂಡೆ.

ಕೊನೆಗೆ ಕೇಳಿದಳು, "ನೀವು ಯಾವಾಗಾದ್ರೂ ಧೈರ್ಯವಾಗಿ ನಿಜ ಹೇಳಿದ್ದೀರಾ? ಯಾರು ಹೇಳ್ತೀರಿ?"

ಎರಡು ಜಡೆಯ ಪುಟ್ಟ ಹುಡುಗಿಯೊಂದು ಎದ್ದಿತು. "ಈಗ ಹೇಳ್ತೀನಿ ಮಿಸ್. ಈ ಪಾಠ ನೀವು ನಿನ್ನೇನೇ ಮಾಡಿದ್ರಿ. ಯಾರ್ಯಾರು ಏನೇನು ಉತ್ತರ ಹೇಳ್ಬೇಕು ಅಂತಾನೂ ಹೇಳ್ಕೊಟ್ಟಿದ್ರಿ."

ಪರೀಕ್ಷೆಯ ಪಾಠವನ್ನು ಹಿಂದಿನ ದಿನವೇ ಅದೇ ಮಕ್ಕಳಿಗೆ ಮಾಡಿ ಪಳಗಿಸಿಡುವ ಚಾಳಿ ನಮ್ಮಲ್ಲಿ ಹಳೆಯದು. ಇವಳೂ ಅದನ್ನೇ ಮಾಡುತ್ತಾಳೆಂದು ಮಾತ್ರ ನಾನು ಎಣಿಸಿರಲಿಲ್ಲ. ಅವಳು ನನ್ನ ಕಡೆ ನೋಡಿದಳು, ನಾನು ಕಿಟಕಿಯ ಕಡೆ ನೋಡಿದೆ.

ಪರೀಕ್ಷಕರು ಪೆನ್ನು ಕೆಳಗಿಟ್ಟು ಆ ಮಗುವನ್ನು ಹತ್ತಿರ ಕರೆದರು. "ಭೇಷ್ ಪುಟ್ಟಿ! ಹೀಗೆ ಹೆದರದೆ ನಿಜ ಹೇಳೋದನ್ನ ನಿಂಗೆ ಯಾರು ಕಲಿಸಿದ್ರು?"

"ಈ ಮಿಸ್ಸೇ ಸಾರ್, ನಿನ್ನೆ ಕಲಿಸಿದ್ರು. ಇವತ್ತೊಂದಿನ ಮಾತ್ರ ಬ್ಯಾಡ ಅಂದಿದ್ರು."