ಮಾಮನ ಮಣೆ

ಅಷ್ಟೂ ರಗಳೆಗೆ ಕಾರಣ ಹೆಬ್ಬೆರಳಗಲದ ಒಂದು ಸ್ಟಿಕ್ಕರ್. ಅಂಗಡಿಯಿಂದ ತಂದ ಮಣೆಯ ಅಡಿಯಲ್ಲಿ ಅದು ಅಂಟಿಕೊಂಡಿತ್ತು, ಕೀಳುವುದನ್ನು ವಸಂತಕುಮಾರ್ ಮರೆತಿದ್ದ. ಅವನ ಸೋದರತ್ತೆ ಅಳಗಮ್ಮಾಳ್ ಏನನ್ನೂ ಮರೆಯುವ ಪೈಕಿಯಲ್ಲ. ಶುಕ್ರವಾರ ಬೆಳಿಗ್ಗೆ ಬಂದವಳೇ ಕಾಫಿ ಲೋಟ ಪಕ್ಕಕ್ಕಿಟ್ಟು, ತಂಗಿಯ ಮನೆಗೆ ಒಯ್ಯಲು ಜೋಡಿಸಿಟ್ಟ ಸೀರಿನ ತಟ್ಟೆಗಳನ್ನೆಲ್ಲ ಒಂದು ಸುತ್ತು ನೋಡಿ, ಮಣೆಯನ್ನು ಮಗುಚಿ ಹಾಕಿದಳು.

"ಏನ್ಲಾ ವಸಂತಾ, ಇದು ಅಂಗಡೀದು!"

"ಹೂಂ ಅತ್ತೆ. ತೇನಿಯಿಂದ ತರಿಸ್ದೆ. ಒಳ್ಳೆ ಅಂಗಡಿ."

"ಅಂಗಡಿ ಒಳ್ಳೇದಾದ್ರೆ ಅಂಗಡಿಯೋನೇ ಬಂದು ಕೂತ್ಕಳ್ಳಲಿ. ನಮ್ಮ ಕುಲದಾಗೆ ತಾಯ್ಮಾಮ ಕೈಯಾರ ಮಾಡ್ದ ಮಣೆ ಮೇಲೆ ಕೂತೇ ಕಿವಿ ಚುಚ್ಚಿಸ್ಬೇಕು. ನಿಮ್ಮಪ್ಪ ಮಾಡ್ದ, ನಿಮ್ ತಾತ ಮಾಡ್ದ. ನೀನೇನು ಆಕಾಶದಿಂದ ಉದುರ್ದೋನಾ?"

ಅವತ್ತು ಅವನ ತಂಗಿ ವಳ್ಳಿಯ ಮಗು ಜನನಿಗೆ ಕಿವಿ ಚುಚ್ಚುವ ಶಾಸ್ತ್ರ. ರಾಹುಕಾಲ ಕಳೆದ ಮೇಲೆ ಮುಹೂರ್ತ. ಬೋಡಿನಾಯಕನೂರಿನ ಆ ಬೀದಿಗಳಲ್ಲಿ ಬಾಗಿಲ ಹೊರಗೆ ತಮಿಳು, ಬಾಗಿಲ ಒಳಗೆ ಕನ್ನಡ. ಆದರೆ ಒಳಗಾಗಲಿ ಹೊರಗಾಗಲಿ ತಾಯಿಯ ಸೋದರ, ಅಂದರೆ ತಾಯ್ಮಾಮ, ಇಲ್ಲದೆ ಮಗುವಿನ ಕಿವಿಗೆ ಸೂಜಿ ತಾಗುವುದಿಲ್ಲ. ತವರಿನ ಉಡುಗೊರೆಯನ್ನೆಲ್ಲ ತಟ್ಟೆಗಳಲ್ಲಿ ಹೊರಿಸಿಕೊಂಡು ಮೇಳದ ಜೊತೆ ಬರಬೇಕು, ಅದೇ ಸೀರು. ಆಮೇಲೆ ಮಣೆ ಹಾಕಿ ಕೂತು ಮಗುವನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ವಳ್ಳಿಗೆ ಇರುವುದು ಒಬ್ಬನೇ ಅಣ್ಣ.

ಏಲಕ್ಕಿ ಮಂಡಿಯಲ್ಲಿ ಗುಮಾಸ್ತನಾದ ಈ ಅಣ್ಣನ ಕೈಗುಣವೋ, ಊರಿಗೇ ಗೊತ್ತು. ಜನನಿಯ ತೊಟ್ಟಿಲ ಶಾಸ್ತ್ರದ ದಿನ ತೊಟ್ಟಿಲಿನ ಕೊಂಡಿ ಸಿಕ್ಕಿಸಿದ್ದು ಇವನೇ. ಪದ್ಧತಿಯಂತೆ ಮೊದಲು ಗುಂಡುಕಲ್ಲನ್ನು ಮಲಗಿಸಿದರು. ಅದು ತೊಟ್ಟಿಲ ಸಮೇತ ಧೊಪ್ಪನೆ ನೆಲಕ್ಕೆ ಬಂತು. ಅಂದಿನಿಂದ ವಳ್ಳಿಯ ಗಂಡ ಗಣೇಶನ್‌ಗೆ ಹಬ್ಬ. ಯಾವ ಮದುವೆಯಾಗಲಿ, ಯಾವ ಪಂಕ್ತಿಯಾಗಲಿ, "ನಮ್ಮ ಮಚ್ಚಾನ್ ಕೈ ಹಾಕಿದ್ರೆ ಕಲ್ಲೂ ತಡೆಯಾಕಿಲ್ಲ" ಎಂದು ಭಾವಮೈದುನನ ಸುದ್ದಿ ಶುರು ಮಾಡುತ್ತಿದ್ದ. ಜನ ನಗುತ್ತಿದ್ದರು, ವಳ್ಳಿ ತಲೆ ತಗ್ಗಿಸಿ ಸಾಂಬಾರ್ ಬಡಿಸುತ್ತಿದ್ದಳು. ತಂಗಿಯ ಆ ತಗ್ಗಿದ ತಲೆ ವಸಂತಕುಮಾರನನ್ನು ನಿಜಕ್ಕೂ ಸುಡುತ್ತಿತ್ತು. ಇವತ್ತು ಮತ್ತೆ ನಗೆಪಾಟಲಾದರೆ ಅವಳು ಆ ಮನೆಯಲ್ಲಿ ತವರಿನ ಹೆಸರೆತ್ತುವ ಹಾಗಿಲ್ಲ.

ಹಾಗಾಗಿ ಅವನು ಶೆಲ್ಫಿನಿಂದ ಒಂದು ಪ್ಲೈವುಡ್ ಹಲಗೆ ಕಿತ್ತುಕೊಂಡು, ಸುತ್ತಿಗೆ ಮೊಳೆ ಹಿಡಿದು ಜಗಲಿಯ ಮೇಲೆ ಕೂತ. ಮೊದಲ ಏಟೇ ಹೆಬ್ಬೆರಳಿಗೆ ಬಿತ್ತು. ಆ ಕೂಗಿಗೆ ಪಕ್ಕದ ಮನೆಯ ಕಂದಸಾಮಿ ಓಡಿಬಂದ. ನಿವೃತ್ತ ಬಸ್ ಕಂಡಕ್ಟರ್. ಬಸ್ಸು ಬಿಟ್ಟು ವರ್ಷಗಳಾದರೂ ಕಂಡವರಿಗೆಲ್ಲ ಜಾಗ ತೋರಿಸುವ ಚಾಳಿ ಬಿಟ್ಟಿರಲಿಲ್ಲ.

"ಯಾರಿಗೆ ಹೊಡೀತಿದೀಯಾ ತಂಬಿ?"

"ಮೊಳೆ ಹೊಡೀತಿದ್ದೆ ಅಣ್ಣಾ."

"ಮೊಳೆ ಅಲ್ಲಿ ಸುಖವಾಗಿ ಮಲಗೈತೆ. ಬೆರಳು ಚೀಪ್ತಿರೋನು ನೀನು. ಈ ಕಾಲದಾಗೆ ಸುತ್ತಿಗೆ ಯಾರು ಹಿಡೀತಾರೆ? ಸೋಫಾದೋರು ಟಪ್ ಟಪ್ ಅಂತ ಪಿನ್ನು ಹೊಡೀತಾರಲ್ಲ, ಸ್ಟೇಪಲ್ ಗನ್ನು, ಅದು ತಗೋ. ಕರೆಂಟೂ ಬೇಡ. ನಡಿ, ನಾನೂ ಬತ್ತೀನಿ."

ಹಾರ್ಡ್‌ವೇರ್ ಅಂಗಡಿಯವನು ಗಾಜಿನ ಮೇಲೆ ಮೂರು ಗನ್ನು ಸಾಲಾಗಿ ಇಟ್ಟ. ಚಿಕ್ಕದು ಪ್ಲಾಸ್ಟಿಕ್ಕಿನದು, ಕಾಗದ, ತೆಳು ಬಟ್ಟೆಗೆ. ನಡುವಿನದು ಮನೆಗೆಲಸಕ್ಕೆ, ಅದರ ತಲೆಯ ಮೇಲೆ ಒಂದು ತಿರುಪು, ತಿರುಗಿಸಿದಂತೆ ಹೊಡೆತ ಮೆದುವಾಗುತ್ತದೆ, ಬಿರುಸಾಗುತ್ತದೆ. ಮೂರನೆಯದು ಪೂರ್ತಿ ಉಕ್ಕು. ಅದನ್ನು ಗಾಜಿನ ಮೇಲಿಡುವಾಗ ಅಂಗಡಿಯವನೇ ಉಸಿರು ಬಿಗಿಹಿಡಿದ. "ಕೈಯಲ್ಲಿ ಹಿಡಿದು ಅಮುಕಿ ನೋಡಿ ಸಾರ್, ಸಲೀಸಾಗಿ ಅಮುಕಲು ಬರುವುದೇ ನಿಮ್ಮದು" ಎಂದು ತಮಿಳಿನಲ್ಲಿ ಹೇಳಿದ.

ವಸಂತಕುಮಾರ್ ನಡುವಿನದನ್ನು ಅಮುಕಿದ. ಸಲೀಸಾಗಿತ್ತು. ಇದೇ ಇರಲಿ ಎನ್ನುವಷ್ಟರಲ್ಲಿ ಕಂದಸಾಮಿ ಅಡ್ಡ ಬಂದ.

"ಯಾವ ಕೆಲ್ಸಕ್ಕೆ ತಂಬಿ ಇದು?"

"ಸೀರಿಗೆ."

"ಹಾಂ. ಸೀರಿಗೆ ಬಾಳೆಗೊನೆ ತಂದ್ರೆ ದೊಡ್ಡದು ತತ್ತೀವಿ. ಹಾರ ತಂದ್ರೆ ಆಳುದ್ದ ತತ್ತೀವಿ. ಗನ್ನು ಮಾತ್ರ ನಡೂಕಿನದಾ? ಗಣೇಶನ್ ಕಿವಿಗೆ ಬಿದ್ರೆ ಏನಂತಾನೆ?"

ಗಣೇಶನ್ ಹೆಸರು ಸಾಕಾಯಿತು. ವಸಂತಕುಮಾರ್ ಉಕ್ಕಿನದನ್ನು ಎತ್ತಿಕೊಂಡ. ಒಂದು ಕೈಯಲ್ಲಿ ಅಮುಕಿದರೆ ಅದು ಜಗ್ಗಲಿಲ್ಲ. ಎರಡೂ ಕೈ ಹಾಕಿ, ಹಲ್ಲು ಕಚ್ಚಿದಾಗ ಒಳಗೆಲ್ಲೋ ಟಕ್ ಎಂದಿತು.

"ಹಲಗೆ ಎಷ್ಟು ದಪ್ಪ ಸಾರ್? ಪಿನ್ನು ಹಲಗೆಗಿಂತ ಗಿಡ್ಡ ಇರಬೇಕು" ಎಂದ ಅಂಗಡಿಯವನು.

ವಸಂತಕುಮಾರ್ ಹೆಬ್ಬೆರಳು ತೋರುಬೆರಳು ಸೇರಿಸಿ ಅಳತೆ ತೋರಿಸಿದ. ಹೆಬ್ಬೆರಳಿಗೆ ಹೆಂಡತಿ ಅಮುದಾ ಸುತ್ತಿದ್ದ ಬಟ್ಟೆಯ ಕಟ್ಟು ಇತ್ತು. ಬೆರಳುಗಳು ಹತ್ತಿರ ಬರಲಿಲ್ಲ. ತೆಳ್ಳನೆಯ ಪ್ಲೈವುಡ್ಡು ಬಾಗಿಲ ಚೌಕಟ್ಟಿನಷ್ಟು ದಪ್ಪವಾಗಿ ಕಂಡಿತು. ಆದರೂ ಅಂಗಡಿಯವನು ಅನುಮಾನದಿಂದ ಗಿಡ್ಡ ಪಿನ್ನಿನ ಡಬ್ಬಿಗೇ ಕೈ ಹಾಕಿದ.

"ಉದ್ದದ್ದೇ ಕೊಡಪ್ಪಾ" ಎಂದ ಕಂದಸಾಮಿ. "ಸೀರಿನಾಗೆ ಗಿಡ್ಡ ಅನ್ನೋ ಮಾತೇ ಬರ್ಬಾರ್ದು."

ಮನೆಗೆ ಬಂದು ಕೆಲಸ ಶುರುವಾಯಿತು. ಕಂದಸಾಮಿ ತನ್ನ ಹಳೆಯ ಬೈಕ್ ಸೀಟಿನ ಸ್ಪಂಜು ಕೊಟ್ಟ. ಅಮುದಾ ರವಿಕೆಗೆಂದು ಎತ್ತಿಟ್ಟಿದ್ದ ಗಿಳಿಹಸಿರು ರೇಷ್ಮೆ ತುಂಡನ್ನು ಕೊಟ್ಟಳು. ಕೊಟ್ಟಳು ಅನ್ನುವುದಕ್ಕಿಂತ ಅಳಗಮ್ಮಾಳ್ ಕಿತ್ತುಕೊಟ್ಟಳು ಅನ್ನಬೇಕು. ಹಲಗೆಯ ಮೇಲೆ ಸ್ಪಂಜು, ಅದರ ಮೇಲೆ ರೇಷ್ಮೆ, ರೇಷ್ಮೆಯ ಅಂಚನ್ನು ಹಿಂದಕ್ಕೆ ಎಳೆದು ಹಲಗೆಯ ಅಡಿಯಲ್ಲಿ ಪಿನ್ನು. ಹೇಳುವುದಕ್ಕೆ ಇಷ್ಟೇ. ವಸಂತಕುಮಾರ್ ಗನ್ನಿನ ಹಿಂಭಾಗವನ್ನು ಹಲಗೆಗೆ ಒತ್ತಿ ಅಮುಕಿದ. ಅದರ ಬಾಯಿ ತನ್ನ ಹೊಟ್ಟೆಯ ಕಡೆ ಇದ್ದದ್ದು ಅವನಿಗೆ ಗೊತ್ತಾಗಲಿಲ್ಲ. ಪಿನ್ನು ಅವನ ಪಕ್ಕೆ ಸವರಿಕೊಂಡು ಹೋಗಿ ಹಿತ್ತಾಳೆ ತಾಂಬಾಳಕ್ಕೆ ಠಣ್ಣೆಂದು ಬಡಿಯಿತು.

"ಸಾಕು ಬಿಡಿ! ಹಣ್ಣಿನ ತಟ್ಟೆಗೆ ಗುಂಡು ಹೊಡೀಬೇಡಿ" ಎಂದು ಅಮುದಾ ತಟ್ಟೆಗಳನ್ನೆಲ್ಲ ಒಳಗೆ ಸಾಗಿಸಿದಳು.

ಕಂದಸಾಮಿ ಗನ್ನನ್ನು ತಿರುಗಿಸಿ ಕೊಟ್ಟು, ಬಟ್ಟೆ ಎಳೆದು ಹಿಡಿದು, "ಪೋಲಾಂ, ರೈಟ್!" ಎಂದು ಬಸ್ಸು ಹೊರಡಿಸುವವನಂತೆ ಕೂಗಿದ. ಟಪ್. "ರೈಟ್!" ಟಪ್. ಒಂದು ಪಕ್ಕ ಮುಗಿದಾಗ ಕಂದಸಾಮಿ ಏಳಲು ಹೋದ, ಆಗಲಿಲ್ಲ. ಅವನ ಹೆಗಲ ಮೇಲಿನ ಟವೆಲು ರೇಷ್ಮೆಯ ಜೊತೆ ಮಣೆಗೆ ಸೇರಿಹೋಗಿತ್ತು. ಆ ಪಿನ್ನು ಸ್ಕ್ರೂಡ್ರೈವರಿಗೂ ಜಗ್ಗಲಿಲ್ಲ. ಕೊನೆಗೆ ಟವೆಲನ್ನೇ ಕತ್ತರಿಸಿ ಅವನನ್ನು ಬಿಡಿಸಬೇಕಾಯಿತು.

ಅಡಿಯಲ್ಲಿ ಹಲಗೆ ಕಾಣಬಾರದೆಂದು ಅಳಗಮ್ಮಾಳ್ ಒಂದು ಕೆಂಪು ಬಟ್ಟೆ ಕೊಟ್ಟಳು. ಅದಕ್ಕೆ ಅಂಚಿನಲ್ಲಿ ಪಿನ್ನು ಹೊಡೆದರೆ ನಡುವೆ ಜೋಲು ಬೀಳುತ್ತಿತ್ತು. ನಡುವೆಯೂ ಹೊಡೆದ. ಅಷ್ಟರಲ್ಲಿ ಕೈ ಕುದುರಿತ್ತು. ಹುಟ್ಟಿದಾರಭ್ಯ ಒಂದು ಬಲ್ಬು ನೆಟ್ಟಗೆ ಹಾಕದವನಿಗೆ, ತಾನು ಹೊಡೆದದ್ದು ಹೊಡೆದಲ್ಲೇ ನಿಲ್ಲುವುದು ಕಂಡು ಮೈಯೆಲ್ಲ ಸಂತೋಷವಾಯಿತು. ಸಂತೋಷಕ್ಕೆ ತಡೆ ಇರಲಿಲ್ಲ, ಪಿನ್ನಿಗೂ ಕೊರತೆ ಇರಲಿಲ್ಲ. ಮಣೆಯ ಅಡಿಯ ನಟ್ಟನಡುವೆ ಅವನು ಪಿನ್ನಿನಲ್ಲೇ ಒಂದು ನಕ್ಷತ್ರದ ರಂಗೋಲಿ ಬರೆದ.

ಅಮುದಾ ಮಣೆಯನ್ನು ನೆಟ್ಟಗೆ ಮಾಡಿ ಅಂಗೈಯಿಂದ ಒತ್ತಿ ನೋಡಿದಳು. "ಪರವಾಯಿಲ್ಲೆ. ಇಡ್ಲಿ ತರ ಮೆತ್ತಗೈತೆ. ಒಂದ್ಸಲ ಕೂತು ನೋಡ್ಲಾ?"

"ಏಯ್!" ಅಳಗಮ್ಮಾಳ್ ಅಬ್ಬರಿಸಿದಳು. "ಸೀರು ಮಣೆ ಮೇಲೆ ಮೊದ್ಲು ಮಾಮನೇ ಕೂರ್ಬೇಕು, ಅದೂ ಸಭೇನಾಗೆ. ಅಲ್ಲಿ ತಂಕ ಒಂದು ನೊಣಾನೂ ಕೂರಂಗಿಲ್ಲ."

ಹೀಗೆ ಯಾರೂ ಕೂರದ ಮಣೆಯನ್ನು ತಲೆಯ ಮೇಲೆ ಹೊತ್ತು, ಮೇಳದ ಹಿಂದೆ, ನಿಲಕ್ಕೋಟ್ಟೈ ಮಲ್ಲಿಗೆಯ ಹಾರ ಹಾಕಿಕೊಂಡು ವಸಂತಕುಮಾರ್ ಎರಡು ಬೀದಿ ದಾಟಿ ತಂಗಿಯ ಮನೆಗೆ ಬಂದ. ಗಣೇಶನ್ ಬಾಗಿಲಲ್ಲೇ ಮಣೆ ಇಳಿಸಿಕೊಂಡು ಹಿಂದೆ ಮುಂದೆ ನೋಡಿದ. ಅಡಿಯ ನಕ್ಷತ್ರ ನೋಡಿ ಅವನ ಹುಬ್ಬು ಮೇಲೇರಿತು.

"ಇದು ನೀನೇ ಮಾಡ್ದ್ಯಾ ಮಚ್ಚಾನ್? ಯಾರಾದ್ರೂ ಮರಗೆಲಸದ ಆಸಾರಿ ಕೈಲಿ ಮಾಡಿಸ್ಕೊಂಡು ಬಂದ್ಯಾ?"

"ಸಾಕ್ಷಿ ಬೇಕಾ?" ಕಂದಸಾಮಿ ತನ್ನ ಅರ್ಧ ಟವೆಲು ಬಿಚ್ಚಿ ತೋರಿಸಿದ. "ಮಿಕ್ಕರ್ಧ ಅದರೊಳಗೈತೆ."

ಗಣೇಶನ್ ಮಣೆಯನ್ನು ಒಳಗೆ ಒಯ್ದು ಸಭೆಯ ನಡುವೆ ಇಟ್ಟ. ವೇದಸಂದೂರಿನಿಂದ ಬಂದ ನೆಂಟರೆಲ್ಲ ಮಣೆ ಮುಟ್ಟಿ ನೋಡಿ ತಲೆದೂಗಿದರು. ವಳ್ಳಿ ಅಣ್ಣನ ಕಡೆ ನೋಡಿದ ನೋಟವಿತ್ತಲ್ಲ, ಅದಕ್ಕಾಗಿ ಅವನು ಇನ್ನೂ ಹತ್ತು ಮಣೆ ಮಾಡಲು ತಯಾರಿದ್ದ.

ಮುಹೂರ್ತ ಬಂತು. ವಸಂತಕುಮಾರ್ ಚಕ್ಕಳಮಕ್ಕಳ ಹಾಕಿ ಕೂತ. ಮೊದಲು ಎಲ್ಲೋ ಸ್ವಲ್ಪ ಕಚಗುಳಿಯಾಯಿತು, ಅಷ್ಟೆ. ಆಮೇಲೆ ವಳ್ಳಿ ಜನನಿಯನ್ನು ತಂದು ತೊಡೆಯ ಮೇಲಿಟ್ಟಳು. ಬೋಳು ತಲೆಗೆ ಗಂಧ ಬಳಿಸಿಕೊಂಡ ಆ ಕೂಸು ಒಂದು ವರ್ಷಕ್ಕೇ ಎರಡು ವರ್ಷದ ತೂಕ ತೂಗುತ್ತಿತ್ತು. ಸ್ಪಂಜು ಅಲ್ಲಿಯವರೆಗೆ ತಡೆದಿತ್ತು, ಈಗ ಕೈಚೆಲ್ಲಿತು. ತೆಳು ಹಲಗೆ ದಾಟಿ ಮೇಲೆ ಇಣುಕುತ್ತಿದ್ದ ಉದ್ದ ಪಿನ್ನುಗಳು, ನಕ್ಷತ್ರದ ಒಂದೊಂದು ಮೂಲೆಯೂ, ತಮ್ಮನ್ನು ಮಾಡಿದವನನ್ನು ಗುರುತು ಹಿಡಿದವು.

ಕಿವಿ ಚುಚ್ಚಿ ಮುಗಿಯುವ ತನಕ ಮಾಮ ಮಣೆ ಬಿಟ್ಟು ಏಳಬಾರದು. ಅಯ್ಯೋ ಎನ್ನಬಾರದು, ಅಪಶಕುನ. ವಸಂತಕುಮಾರನ ಬಾಯಿ ತೆರೆಯಿತು, ಮುಚ್ಚಿತು. ಕಣ್ಣು ಅಗಲವಾಯಿತು. ಎಡಕ್ಕೆ ವಾಲಿದರೆ ಎಡಗಡೆಯ ಸಾಲು, ಬಲಕ್ಕೆ ವಾಲಿದರೆ ಬಲಗಡೆಯದು. ಅಕ್ಕಸಾಲಿ ಒಂದು ಕಿವಿಗೆ ಸೂಜಿ ಹಾಕಿದ. ಜನನಿ ಅಳಬೇಕೆಂದು ತುಟಿ ಸೊಟ್ಟ ಮಾಡಿದವಳು ಮಾಮನ ಮುಖ ನೋಡಿ ಕಿಲಕಿಲ ನಕ್ಕಳು.

"ಸಾರ್, ಒಂದ್ ನಿಮಿಷ" ಎಂದ ಫೋಟೋದವನು. "ಕೊಂಚ ಹಿಂದಕ್ಕೆ ಜರುಗಿ, ಭಾರ ಬಿಟ್ಟು ಹಾಯಾಗಿ ಕೂತ್ಕಳಿ."

ವಸಂತಕುಮಾರ್ ಹಿಂದಕ್ಕೆ ಜರುಗಿದ. ಕಣ್ಣಿಂದ ನೀರು ದಳದಳನೆ ಇಳಿಯಿತು.

"ನೋಡ್ರೇ, ಮಗು ಅಳ್ಲಿಲ್ಲ, ಮಾಮ ಅಳ್ತವ್ನೆ. ಎಂಥಾ ಕರುಳು!" ಎಂದು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಎರಡನೆಯ ಕಿವಿಯೂ ಮುಗಿಯಿತು. ವಳ್ಳಿ ಮಗುವನ್ನು ಎತ್ತಿಕೊಂಡಳೋ ಇಲ್ಲವೋ, ವಸಂತಕುಮಾರ್ ಚಂಗನೆ ಎದ್ದ. ಮಣೆಯೂ ಅವನ ಜೊತೆ ಎದ್ದಿತು. ಅರ್ಧ ಎತ್ತರಕ್ಕೆ ಬಂದು, ಪಂಚೆಯನ್ನು ಪರ್ರನೆ ಹರಿದುಕೊಂಡು ಕೆಳಗೆ ಬಿತ್ತು. ಬಿಳಿ ಪಂಚೆಯ ಹಿಂದೆ ಕೆಂಪು ಚುಕ್ಕೆಗಳು.

ಗಣೇಶನ್ ಬಗ್ಗಿ ರೇಷ್ಮೆಯನ್ನು ಒಂದು ಬೆರಳಿಂದ ಒತ್ತಿದ. "ಆಹ್!" ಎಂದು ಬೆರಳು ಬಾಯಿಗಿಟ್ಟುಕೊಂಡ. ಮರುಕ್ಷಣವೇ ಅವನ ಮುಖ ಅರಳತೊಡಗಿತು. ಆ ನಗು ಎಲ್ಲಿಗೆ ಹೋಗುತ್ತದೆ, ಎಷ್ಟು ವರ್ಷ ಇರುತ್ತದೆ ಎಂಬುದು ವಸಂತಕುಮಾರನಿಗೆ ಗೊತ್ತಿತ್ತು. ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಅವನೇ ಹೇಳಿಬಿಟ್ಟ.

"ಪಿನ್ನು ಉದ್ದ ಆಗೋತು. ಹಲಗೆ ತೆಳ್ಳಗಿತ್ತು. ತಪ್ಪು ನಂದೇ."

ಗಣೇಶನ್ ನಗಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಅಳಗಮ್ಮಾಳ್ ಅವನನ್ನು ಪಕ್ಕಕ್ಕೆ ತಳ್ಳಿ, ಮಣೆಯನ್ನು ಎತ್ತಿ ಕಣ್ಣಿಗೊತ್ತಿಕೊಂಡಳು.

"ಏನ್ಲಾ ನಗ್ತೀಯಾ, ಪಾಪಿ? ಮಾರಿಯಮ್ಮಂಗೆ ಮೊಳೆ ಚಪ್ಪಲಿ ಹಾಕ್ಕೊಂಡು ನಡೆದೋರ್ನ ಕಂಡಿದೀನಿ. ಮೊಳೆ ಮಣೆ ಮೇಲೆ ಕೂತೋನ್ನ ಇವತ್ತೇ ಕಂಡಿದ್ದು. ತಂಗಿ ಮಗೀಗೆ ನೋವಾಗ್ಬಾರ್ದು, ಆ ನೋವೆಲ್ಲ ನಂಗೇ ಬರ್ಲಿ ಅಂತ ಹರಕೆ ಹೊತ್ತವ್ನೆ ಕಣ್ಲಾ! ಮಗು ಅಳ್ತಾ? ಹೇಳು, ಅಳ್ತಾ?"

ಸಭೆಯೆಲ್ಲ ಮಗುವಿನ ಕಡೆ ತಿರುಗಿತು. ಮಗು ಅಳದದ್ದನ್ನು ಎಲ್ಲರೂ ನೋಡಿದ್ದರು.

"ಇಲ್ಲ ಅತ್ತೆ, ಅದು ಅಂಗಡಿಯೋನು ಹಲಗೆ ದಪ್ಪ ಕೇಳ್ದಾಗ ನಾನು..."

"ಹೊತ್ತೋನು ಹೊತ್ತೆ ಅಂತ ಹೇಳ್ಬಾರ್ದು. ಅದಕ್ಕೇ ಮುಚ್ಚಾಕ್ತವ್ನೆ ನೋಡಿ" ಎಂದು ಅಳಗಮ್ಮಾಳ್ ಸಭೆಗೆ ವಿವರಿಸಿದಳು.

ವಳ್ಳಿ ಮಗುವಿನ ಸಮೇತ ಬಂದು ಅಣ್ಣನ ಕಾಲಿಗೆ ಬಿದ್ದಳು. ಗಣೇಶನ್ ಹೆಗಲ ಮೇಲಿನ ಟವೆಲು ತೆಗೆದು ಸೊಂಟಕ್ಕೆ ಕಟ್ಟಿಕೊಂಡು, "ಮನ್ನಿಚ್ಚಿಡು ಮಚ್ಚಾನ್, ನಿನ್ನ ಏನೇನೋ ಅಂದ್ಬಿಟ್ಟೆ" ಎಂದು ಎಲ್ಲರೆದುರು ಕ್ಷಮೆ ಕೇಳಿದ. ವಸಂತಕುಮಾರ್ ಮತ್ತೊಮ್ಮೆ ನಿಜ ಹೇಳಲು ಬಾಯಿ ತೆರೆದ. ತಂಗಿಯ ತಲೆ ಇಷ್ಟು ದಿನದಲ್ಲಿ ಮೊದಲ ಸಲ ಮೇಲೆದ್ದಿತ್ತು. ಅವನು ಬಾಯಿ ಮುಚ್ಚಿದ.

"ಹರಕೆ ಅಂದ್ಮೇಲೆ ಮೂರು ವರ್ಷ" ಎಂದಳು ಅಳಗಮ್ಮಾಳ್. "ವರ್ಷಾ ವರ್ಷಾ ಇದೇ ದಿನ ಕೂರ್ಬೇಕು. ನಡೂಕೆ ಬಿಟ್ರೆ ಮಗೀಗೆ ಆಗಿಬರಾಕಿಲ್ಲ."

"ಕೂರ್ತಾನೆ ಬಿಡಿ" ಎಂದು ಕಂದಸಾಮಿ ಅವನ ಪರವಾಗಿ ಒಪ್ಪಿಕೊಂಡ.

ಊಟಕ್ಕೆ ಎಲೆ ಹಾಕಿದರು. ನಾನು ನಿಂತೇ ಉಣ್ಣುತ್ತೇನೆ, ಕಾಲು ಹಿಡಿದುಕೊಂಡಿದೆ ಎಂದು ವಸಂತಕುಮಾರ್ ಗೋಡೆ ಬದಿಗೆ ಸರಿಯುತ್ತಿದ್ದ. ಗಣೇಶನ್ ಬಿಡುತ್ತಾನೆಯೇ? ಕೈ ಹಿಡಿದು ಕರೆತಂದು ಪಂಕ್ತಿಯ ಮೊದಲಿಗೆ ನಿಲ್ಲಿಸಿದ. ಅಲ್ಲಿ ದೊಡ್ಡ ಬಾಳೆಯೆಲೆಯ ಮುಂದೆ, ಅರಿಶಿನ ಕುಂಕುಮ ಹಚ್ಚಿ ಹೂವೇರಿಸಿದ ಗಿಳಿಹಸಿರು ಮಣೆ ಕಾಯುತ್ತಿತ್ತು.

"ಹರಕೆ ಹೊತ್ತ ಮಾಮ ಇವತ್ತು ಬೇರೆ ಕಡೆ ಕೂರ್ಬಾರ್ದಂತೆ ಮಚ್ಚಾನ್, ಅತ್ತೆ ಅಂದ್ರು. ನೀನು ಕೂತ್ಮೇಲೇ ಎಲ್ಲಾರೂ ಕೂರೋದು."

ಇಡೀ ಪಂಕ್ತಿ ಹಸಿದುಕೊಂಡು, ಕೈಮುಗಿದುಕೊಂಡು ನಿಂತಿತ್ತು. ವಸಂತಕುಮಾರ್ ಹರಿದ ಪಂಚೆಯನ್ನು ಒಟ್ಟುಮಾಡಿಕೊಂಡು ಕೂತ.

ವಳ್ಳಿ ಪಾಯಸದ ಪಾತ್ರೆ ಹಿಡಿದು ಮೊದಲು ಅವನ ಎಲೆಗೇ ಬಂದಳು. ಕಣ್ಣು ತುಂಬಿಕೊಂಡು ಹೇಳಿದಳು:

"ಅವಸರ ಏನೂ ಇಲ್ಲ ಅಣ್ಣಾ. ಕೂತು ನಿಧಾನಕ್ಕೆ ಉಣ್ಣು."