ಟವೆಲ್ ಹಾಕಿದ ಸೀಟು

ಇಷ್ಟೆಲ್ಲ ಫಜೀತಿ ಆದದ್ದು ಒಂದು ಚೌಕ ಬಟ್ಟೆಯಿಂದ.

ದುಂಡಪ್ಪನವರು ಮೂವತ್ತು ವರ್ಷ ಕೆಂಗೇರಿಯಿಂದ ಶಿವಾಜಿನಗರಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರ ಜಗಳ ದಿನಕ್ಕೆ ಹತ್ತಾದರೂ ಅವರ ಮುಂದೆ ಬರುತ್ತಿತ್ತು. ಅವರ ತೀರ್ಪು ಎಂದೂ ಬದಲಾದದ್ದಿಲ್ಲ. "ಟವೆಲ್ ಹಾಕಿದವರದೇ ಸೀಟು. ರೈಟ್ ಅಂದ ಮೇಲೂ ಟವೆಲ್ಲಿನ ಯಜಮಾನ ಬರದಿದ್ರೆ ನಿಂತವರದು." ದೊಡ್ಡ ದೊಡ್ಡ ಮೀಸೆಯವರೂ ಈ ಮಾತಿಗೆ ಎದುರಾಡದೆ ಎದ್ದು ನಿಲ್ಲುತ್ತಿದ್ದರು.

ಅದೇ ದಾರಿಯಲ್ಲಿ, ಕಂಟೋನ್ಮೆಂಟ್ ಕಡೆಯ ಒಂದು ಸಿಗ್ನಲ್ಲಿನ ಪಕ್ಕದಲ್ಲಿ, ಹಳೇ ಫ್ರೆಂಚ್ ಹೋಟೆಲ್ಲೊಂದಿತ್ತು. ಯಾರೋ ಫ್ರೆಂಚ್ ಹೆಂಗಸು ಅರವತ್ತು ವರ್ಷದ ಹಿಂದೆ ಇಟ್ಟದ್ದಂತೆ. ಬೋರ್ಡಿನಲ್ಲಿ 'ಶೇ ಲೂಸಿ', ಅಂದರೆ ಲೂಸಿಯ ಮನೆ, ಎಂದಿತ್ತು. ಸಿಗ್ನಲ್ ಕೆಂಪಾದರೆ ಬಸ್ಸು ಸರಿಯಾಗಿ ಅದರ ದೊಡ್ಡ ಕಿಟಕಿಯ ಎದುರಿಗೇ ನಿಲ್ಲುತ್ತಿತ್ತು. ಕಿಟಕಿಯ ಒಳಗೆ ಒಂದು ಟೇಬಲ್ಲು, ಬಿಳೀ ಹಾಸು, ಎರಡು ಕುರ್ಚಿ, ಸಣ್ಣ ಹೂದಾನಿ. ಬಸ್ಸಿನ ಬೆವರು, ಚಿಲ್ಲರೆಯ ಗಲಾಟೆ, ಹಿಂದಿನ ಲಾರಿಯ ಹಾರನ್ನು ಎಲ್ಲವೂ ಆ ಒಂದು ನಿಮಿಷ ನೀರಿನಡಿಗೆ ಹೋದಂತಾಗಿ, ದುಂಡಪ್ಪನವರು ಕೈಯಲ್ಲಿ ಟಿಕೇಟು ಹಿಡಿದುಕೊಂಡೇ ಮನಸ್ಸಿನಲ್ಲಿ ಆ ಟೇಬಲ್ಲಿಗೆ ಹೋಗಿ ಕೂತುಬಿಡುತ್ತಿದ್ದರು. ಎದುರಿಗೆ ಹೆಂಡತಿ ಬಸವ್ವ. ಸಿಗ್ನಲ್ ಹಸಿರಾದರೆ ಇಬ್ಬರೂ ಎದ್ದು ಬರುತ್ತಿದ್ದರು.

ಈ ಕಿಟಕಿಯ ಕತೆ ಕೇಳಿ ಕೇಳಿ ಬಸವ್ವನವರಿಗೆ ಆ ಹೂದಾನಿಯ ಬಿರುಕೂ ಬಾಯಿಪಾಠವಾಗಿತ್ತು. ಮದುವೆಯಾಗಿ ನಲವತ್ತು ವರ್ಷ ತುಂಬುವ ಸೋಮವಾರ ಬೆಳಿಗ್ಗೆಯೇ ಅವರು ಬಾಯಿಬಿಟ್ಟು ಕೇಳಿದರು. ವಿಜಯನಗರಕ್ಕೆ ಬಂದು ಇಷ್ಟು ವರ್ಷವಾದರೂ ಅವರ ಮಾತಿನಲ್ಲಿ ಬಾಗಲಕೋಟೆ ಹಾಗೇ ಉಳಿದಿತ್ತು.

"ಬಂಗಾರ ಬ್ಯಾಡ, ಸೀರಿ ಬ್ಯಾಡ. ಆ ಕಿಟಕ್ಯಾಗ ಒಂದ್ಸಲ ಕೂಡ್ರಸ್ರಿ, ಸಾಕು."

ಮಾತು ಕಾಂಪೌಂಡ್ ದಾಟಲು ಎಷ್ಟು ಹೊತ್ತು? ಎದುರು ಮನೆಯ ಮುನಿಲಕ್ಷ್ಮಮ್ಮ ಸೊಪ್ಪು ಬಿಡಿಸುತ್ತಲೇ ಬಂದರು. "ಬಸವ್ವ, ಹುಷಾರು ಕಣಮ್ಮ. ಅಲ್ಲಿ ಕಪ್ಪೆ ಬೇಯಿಸ್ತಾರಂತೆ. ಸಾರು ಕೊಟ್ರೆ ಮೊದಲು ಸೌಟು ಹಾಕಿ ತಳ ನೋಡು."

ಅವರ ಗಂಡ ಚನ್ನಕೇಶವ ಬೇರೆಯೇ ಪಾಠ ಹೇಳಿದರು. "ದುಂಡಪ್ನೋರೆ, ಅಂಥಾ ಕಡೆ ಏನು ಕೊಟ್ರೂ ಇದೇನು, ಯಾಕೆ ಅಂತ ಕೇಳ್ಬಾರ್ದು. ಕೇಳಿದ್ರೆ ಮೊದಲನೇ ಸಲ ಬಂದವರು ಅಂತ ಗೊತ್ತಾಗೋಗುತ್ತೆ. ಎಲ್ಲಾ ಗೊತ್ತಿರೋರ ಥರ ತಲೆ ಆಡಿಸ್ತಾ ಇರಿ. ಮತ್ತೆ, ಒಂದು ಗಂಟೆಗೇ ಹೋಗಿ, ಮೊದಲು ಹೋಗ್ಬೇಡಿ."

"ಯಾಕೆ?"

"ನೋಡಿ, ಆಗಲೇ ಕೇಳಿದ್ರಿ!" ಎಂದು ಚನ್ನಕೇಶವ ಮುಗುಳ್ನಕ್ಕು ಒಳಗೆ ಹೋಗಿ ಯಾರಿಗೋ ಫೋನು ಹಚ್ಚಿದರು.

ಡ್ಯೂಟಿಗೆ ಒಂದು ಗಂಟೆ ಮೊದಲೇ ಡಿಪೋದಲ್ಲಿರುತ್ತಿದ್ದ ಮನುಷ್ಯನಿಗೆ ಒಂದು ಗಂಟೆ ಎಂದರೆ ಹನ್ನೆರಡೇ. ಇಳಕಲ್ ಸೀರೆಯ ಬಸವ್ವ, ಇಸ್ತ್ರಿ ಶರಟಿನ ದುಂಡಪ್ಪ ಹೋಟೆಲ್ ಮುಂದೆ ನಿಂತಾಗ ಗಾಜಿನ ಬಾಗಿಲು ಇನ್ನೂ ಹಾಕಿತ್ತು. ಮೂವತ್ತು ವರ್ಷ ಬಸ್ಸಿನ ಹಿಂಬಾಗಿಲಿಗೇ ಒಗ್ಗಿದ ಕಾಲುಗಳು ತಾವಾಗಿಯೇ ಪಕ್ಕದ ಓಣಿಗೆ ತಿರುಗಿದವು. ಹಿಂದಿನ ಬಾಗಿಲು ತೆರೆದಿತ್ತು.

ಅಲ್ಲಿಂದಲೇ ಅವರು ಊಟದ ಕೋಣೆಯೊಳಗೆ ಇಣುಕಿದರು. ಒಬ್ಬರೂ ಇಲ್ಲ. ಆದರೆ ಒಂದೊಂದು ತಟ್ಟೆಯ ಮೇಲೂ ಒಂದೊಂದು ಬಿಳೀ ಬಟ್ಟೆ, ಗೋಪುರದ ಹಾಗೆ ಮಡಚಿ ಇಟ್ಟಿದ್ದಾರೆ. ದುಂಡಪ್ಪನವರು ಹೆಂಡತಿಯ ಕಡೆ ತಿರುಗಿದರು.

"ಫುಲ್ಲು ಕಣೆ. ಎಲ್ಲಾ ಸೀಟಿಗೂ ಟವೆಲ್ ಹಾಕಿ ಹೋಗಿದಾರೆ."

"ಯಾರೂ ಇಲ್ಲಲ್ರಿ?"

"ಬರ್ತಾರೆ. ಶ್ರೀಮಂತರು, ಬೆಳಿಗ್ಗೇನೇ ಡ್ರೈವರ್ ಕೈಲಿ ಹಾಕ್ಸಿರ್ತಾರೆ."

ಕಿಟಕಿಯ ಪಕ್ಕದ ಟೇಬಲ್ಲಿನಲ್ಲಿ ಮಾತ್ರ ಅಂಥ ಗೋಪುರ ಇರಲಿಲ್ಲ. ಅದು ಕಂಬದ ಮರೆಯಲ್ಲಿದ್ದುದರಿಂದ ಅವರಿಗೆ ಕಾಣಲೂ ಇಲ್ಲ.

ಅಷ್ಟರಲ್ಲಿ ಅಡುಗೆಮನೆಯಿಂದ ಮುನಿಯಣ್ಣ ಬಂದ. ನಲವತ್ತು ವರ್ಷದಿಂದ ಫ್ರೆಂಚ್ ಅಡುಗೆ ಮಾಡುತ್ತಿರುವ ಮಲ್ಲತ್ತಹಳ್ಳಿಯ ಮನುಷ್ಯ. ಅಂದು ಮೇಲುಕೆಲಸಕ್ಕೆ ವಯಸ್ಸಾದ ಗಂಡ ಹೆಂಡತಿ ಇಬ್ಬರು ಹೊಸದಾಗಿ ಬರಬೇಕಿತ್ತು.

"ಬಂದ್ರಾ? ಬನ್ನಿ ಬನ್ನಿ, ನಿಮ್ಮನ್ನೇ ಕಾಯ್ತಿದ್ದೆ," ಎಂದ ಮುನಿಯಣ್ಣ, ಇಳಕಲ್ ಸೀರೆಯನ್ನು ನೋಡಿ, ಪಾಪ, ಮೊದಲ ದಿನ ಎಂದು ಇದ್ದುದರಲ್ಲಿ ಒಳ್ಳೆಯದು ಉಟ್ಟು ಬಂದಿದ್ದಾರೆ ಅಂದುಕೊಂಡ. "ಮೊದಲು ಊಟ. ಮಿಕ್ಕಿದ್ದು ಆಮೇಲೆ."

ನಿಮ್ಮನ್ನೇ ಕಾಯುತ್ತಿದ್ದೆ! ದುಂಡಪ್ಪನವರು ಕರಗಿಹೋದರು. ಒಲೆಗಳ ಪಕ್ಕದಲ್ಲಿ, ಹೋಟೆಲಿನವರೇ ಊಟ ಮಾಡುವ ಬೋಳು ಟೇಬಲ್ಲಿನಲ್ಲಿ ಇಬ್ಬರನ್ನೂ ಕೂರಿಸಿದ್ದಾಯಿತು. ಪಾತ್ರೆ ತೊಳೆಯುವ ಬೋರಮ್ಮ ಎರಡು ಸ್ಟೀಲ್ ತಟ್ಟೆ ತಂದಿಟ್ಟಳು. ರಾಗಿಮುದ್ದೆ, ಬಸ್ಸಾರು.

ಬಸವ್ವ ತಟ್ಟೆಯನ್ನು ನೋಡಿದರು, ಗಂಡನನ್ನು ನೋಡಿದರು. "ಏನ್ರೀ, ಫ್ರಾನ್ಸಿನ್ಯಾಗೂ ಮುದ್ದಿ ಉಣ್ತಾರೇನ್ರಿ?"

"ಶ್! ಕೇಳ್ಬಾರ್ದು. ಸಿರಿಧಾನ್ಯ. ಈಗ ದೊಡ್ಡೋರೆಲ್ಲ ಅದನ್ನೇ ತಿನ್ನೋದು."

ಬಸವ್ವ ಮಾತ್ರ ಮುನಿಲಕ್ಷ್ಮಮ್ಮನ ಮಾತು ಮರೆತಿರಲಿಲ್ಲ. ಬೆರಳಿನಿಂದ ಸಾರಿನ ತಳ ಕೆದಕಿ, "ತಮ್ಮಾ, ಇದರಾಗ ಕಾಲಿಂದು, ಹಾರೂದು ಏನೂ ಇಲ್ಲಲ್ಲ?" ಎಂದರು.

"ಸೋಮವಾರ ನಾವೂ ಮುಟ್ಟಲ್ಲ ಕಣಮ್ಮ. ಉಣ್ಣಿ," ಎಂದ ಮುನಿಯಣ್ಣ.

ಸಾರು ಚೆನ್ನಾಗಿತ್ತು. ದುಂಡಪ್ಪನವರು ಕಣ್ಣು ಮುಚ್ಚಿ ಫ್ರೆಂಚ್ ರುಚಿಯನ್ನು ಹುಡುಕುತ್ತ ಎರಡು ಮುದ್ದೆ ನುಂಗಿದರು. ಕೈ ತೊಳೆದು ಬರುವುದರೊಳಗೆ ಬಸವ್ವನ ಮುಂದೆ ಒಂದು ಬುಟ್ಟಿ ಬೆಳ್ಳುಳ್ಳಿ ಬಂದು ಕೂತಿತ್ತು.

"ಸುಲೀಬೇಕಂತ್ರಿ."

"ಪದ್ಧತಿ ಇರ್ಬೇಕು. ನಗ್ತಾ ಸುಲಿ. ಜನ ನೋಡ್ತಿದಾರೆ."

ದುಂಡಪ್ಪನವರ ಪಾಲಿಗೆ ಬಂದದ್ದು ಆ ಬಿಳೀ ಬಟ್ಟೆ ಮಡಚುವ ಕೆಲಸ. ಬೋರಮ್ಮ ಒಂದು ಸಲ ತೋರಿಸಿಕೊಟ್ಟಳು. ಕಂಡಕ್ಟರನ ಕೈ, ನೋಟು ಉದ್ದುದ್ದ ಮಡಚಿ ಬೆರಳ ಸಂದಿಯಲ್ಲಿ ಸಿಕ್ಕಿಸಿದ ಕೈ. ಹತ್ತು ನಿಮಿಷದಲ್ಲಿ ಇಪ್ಪತ್ತು ಗೋಪುರಗಳು ಎದ್ದು ನಿಂತವು. ಕೋಟು ಹಾಕಿದ ಮ್ಯಾನೇಜರು ಆ ಕಡೆ ಬಂದವನು ಮೆಚ್ಚಿ ನಿಂತ.

"ಫಸ್ಟ್ ಕ್ಲಾಸ್! ಯಜಮಾನ್ರೆ, ಇದರಲ್ಲಿ ಎರಡು ತಗೊಂಡೋಗಿ ಆ ಕಿಟಕಿ ಟೇಬಲ್ಲಿಗೆ ಇಟ್ಬಿಡಿ. ಒಂದು ಗಂಟೆಗೆ ಬುಕ್ ಆಗಿದೆ. ತುಂಬ ಬೇಕಾದೋರಂತೆ. ಅರ್ಧ ಗಂಟೆ ಮಾತ್ರ ಹಿಡಿದಿಡ್ತೀವಿ ಅಂದಿದೀನಿ."

ದುಂಡಪ್ಪನವರು ಎರಡು ಗೋಪುರಗಳನ್ನು ಅಂಗೈಯಲ್ಲಿಟ್ಟುಕೊಂಡು ನಡೆದರು. ಹಿಂದೆಯೇ ಬೆಳ್ಳುಳ್ಳಿ ಘಮದ ಬಸವ್ವ. ಕಂಬ ದಾಟಿದರೆ ಅದೇ ಕಿಟಕಿ, ಅದೇ ಬಿಳೀ ಹಾಸು, ಅದೇ ಬಿರುಕಿನ ಹೂದಾನಿ. ಹೊರಗಿನ ರಸ್ತೆ ಒಳಗಿನಿಂದ ಎಷ್ಟು ದೂರವಾಗಿ ಕಾಣುತ್ತಿತ್ತು! ಸಿಗ್ನಲ್ಲಿಗೆ ಒಂದು ಬಸ್ಸು ಬಂದು ನಿಂತಿತು, ಸದ್ದೇ ಇಲ್ಲದೆ, ಕೆರೆಗೆ ಇಳಿದ ಎಮ್ಮೆಯ ಹಾಗೆ. ಅದರ ಬಾಗಿಲಲ್ಲಿ ಕಂಡಕ್ಟರೊಬ್ಬ ಟಿಕೇಟು ಹಿಡಿದು ಒಳಗೇ ನೋಡುತ್ತಿದ್ದ. ದುಂಡಪ್ಪನವರಿಗೆ ಅವನು ತಾನೇ ಅನ್ನಿಸಿತು.

ಅವರು ಮೆಲ್ಲಗೆ ಒಂದೊಂದು ತಟ್ಟೆಯ ಮೇಲೆ ಒಂದೊಂದು ಬಟ್ಟೆ ಇಟ್ಟರು.

"ರೀ, ಒಂದ ನಿಮಿಷ ಕೂಡ್ಲೇನ್ರಿ? ಇನ್ನೂ ಯಾರೂ ಬಂದಿಲ್ಲ."

ದುಂಡಪ್ಪನವರ ಕೈ ಕುರ್ಚಿಯನ್ನು ಅರ್ಧ ಎಳೆದಿತ್ತು. ಅಲ್ಲಿಗೇ ನಿಂತಿತು. ಮೂವತ್ತು ವರ್ಷದ ತೀರ್ಪು!

"ಬೇಡ ಕಣೆ. ಟವೆಲ್ ಹಾಕಿದ ಸೀಟು."

ಬಸವ್ವ ಕುರ್ಚಿಯ ಬೆನ್ನನ್ನು ಒಮ್ಮೆ ಸವರಿ ಹಿಂದಿರುಗಿದರು.

ದುಡ್ಡು ಕೊಡಲು ಹೋದರೆ ಮುನಿಯಣ್ಣ ನಕ್ಕುಬಿಟ್ಟ. "ಏ, ಇಲ್ಲಿ ಊಟಕ್ಕೆಲ್ಲ ಹಿಡ್ಕೊಳಲ್ಲ. ಇವತ್ತಿಗೆ ಸಾಕು, ಹೊರಡಿ. ನಾಳೆ ಹನ್ನೊಂದಕ್ಕೆಲ್ಲ ಬಂದ್ಬಿಡಿ."

"ನೋಡ್ದಾ ಮರ್ಯಾದೆ? ನಾಳೇನೂ ಕರೀತಾರೆ," ಎಂದರು ದುಂಡಪ್ಪ. ಬಸವ್ವ ಉಗುರಿನ ಸಂದಿಯ ಬೆಳ್ಳುಳ್ಳಿ ಸಿಪ್ಪೆ ತೆಗೆದರು.

ಕೂರಲು ಸೀಟು ಸಿಗಲೆಂದು ಇಬ್ಬರೂ ಒಂದು ಸ್ಟಾಪು ಹಿಂದಕ್ಕೆ ನಡೆದು ಹೋಗಿ ಕೆಂಗೇರಿ ಬಸ್ಸು ಹತ್ತಿದರು. ಬಸವ್ವನಿಗೆ ಕಿಟಕಿ ಸಿಕ್ಕಿತು. ಬಸ್ಸು ಬಂದು ಅದೇ ಸಿಗ್ನಲ್ಲಿನಲ್ಲಿ ನಿಂತಿತು. ಗಂಟೆ ಒಂದೂವರೆಗೆ ಇನ್ನೇನು ಒಂದು ನಿಮಿಷ.

ಟೇಬಲ್ ಖಾಲಿಯಿತ್ತು. ದುಂಡಪ್ಪನವರ ಎರಡು ಗೋಪುರಗಳ ನಡುವೆ ಈಗ ಒಂದು ಸಣ್ಣ ಕೇಕು, ದಪ್ಪ ಅಕ್ಷರದ ಒಂದು ರಟ್ಟಿನ ಚೀಟಿ. ಪಕ್ಕದಲ್ಲಿ ಮ್ಯಾನೇಜರು ಗಡಿಯಾರ ನೋಡುತ್ತ ನಿಂತಿದ್ದಾನೆ.

"ಪಾಪ, ಅವರಿನ್ನೂ ಬಂದಿಲ್ಲ," ಎಂದರು ದುಂಡಪ್ಪ.

ಬಸವ್ವ ಕಣ್ಣು ಕಿರಿದು ಮಾಡಿ, ಅಕ್ಷರ ಕೂಡಿಸಿ ಓದಿದರು. "ದುಂ... ಡಪ್ಪ. ಬಸವ್ವ. ನಲವತ್ತು ವರ್ಷ."

ಅದೇ ಹೊತ್ತಿಗೆ ಜೇಬಿನ ಫೋನು ಹೊಡೆದುಕೊಂಡಿತು. ಚನ್ನಕೇಶವ. "ಏನ್ ದುಂಡಪ್ನೋರೆ, ಹೇಗಿದೆ ಕಿಟಕಿ? ನಾವು ಬೀದಿಯವರೆಲ್ಲ ಸೇರಿ ಬುಕ್ ಮಾಡಿದ್ದು. ಹೇಳ್ಬಾರ್ದು ಅಂತ ಬಾಯಿ ಬಿಗಿ ಹಿಡ್ಕೊಂಡಿದ್ದೆ!"

ದುಂಡಪ್ಪನವರು ಫೋನು ಕೈಯಲ್ಲೇ ಹಿಡಿದು ಬಾಗಿಲಿಗೆ ಓಡಿದರು. "ಅಮ್ಮಾ, ಬಾಗಿಲು ತೆಗೆಸಮ್ಮ, ಇಳೀಬೇಕು!"

ಕಂಡಕ್ಟರು ರಮ್ಯ ಎಂಬ ಹುಡುಗಿ. "ಸಿಗ್ನಲ್ಲಲ್ಲಿ ಇಳಿಸಲ್ಲ ತಾತ. ನೀವೇ ಕಂಡಕ್ಟರ್ ಆಗಿದ್ದಿದ್ರೆ ಇಳಿಸ್ತಿದ್ರಾ?"

ದುಂಡಪ್ಪನವರು ಕಂಬಿ ಹಿಡಿದು ನಿಂತರು. ಅವರು ಇಳಿಸುತ್ತಿರಲಿಲ್ಲ.

ಗಾಜಿನಾಚೆ ಮ್ಯಾನೇಜರು ಚೀಟಿಯನ್ನು ಎತ್ತಿ ಜೇಬಿಗೆ ಹಾಕಿಕೊಂಡ. ಬಾಗಿಲ ಬಳಿ ಕಾಯುತ್ತ ನಿಂತಿದ್ದ ಹುಡುಗ ಹುಡುಗಿಯನ್ನು ಕರೆದು ಕೂರಿಸಿದ. ಹುಡುಗಿ ಒಂದು ಗೋಪುರವನ್ನು ಕೊಡವಿ ತೊಡೆಯ ಮೇಲೆ ಹಾಸಿಕೊಂಡಳು.

"ರೈಟ್!" ಎಂದಳು ರಮ್ಯ.

ದುಂಡಪ್ಪನವರು ಬಂದು ಮೆಲ್ಲಗೆ ಹೆಂಡತಿಯ ಪಕ್ಕದಲ್ಲಿ ಕೂತರು. ಬಸವ್ವ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಬೆಳ್ಳುಳ್ಳಿ ಕೈಯನ್ನು ಮೂಸಿ ನೋಡಿಕೊಂಡು, ಕೇಳಿಯೂ ಕೇಳದ ಹಾಗೆ ಕೇಳಿದರು.

"ನಾಳೆ ಹನ್ನೊಂದಕ್ಕಲ್ರಿ ಬಾ ಅಂದದ್ದು?"